ಎರಡರಿಂದ ನಾಲ್ಕರವರೆಗೆ

ಮೂರು ಗಂಟೆಗೆ ಅವನು ಎಲ್ಲೂ ಇರಲಿಲ್ಲ.

ಹಾಗಂತ ಮಾಯವಾಗಿದ್ದನೆಂದಲ್ಲ. ನೋಂದಣಿ ಕಚೇರಿಯ ಉದ್ದನೆಯ ಬೆಂಚಿನ ಮೇಲೆ, ತಂತಮ್ಮ ಹೆಸರು ಕೂಗುವುದನ್ನೇ ಕಾಯುತ್ತಿದ್ದ ಹತ್ತಾರು ಜನರ ನಡುವೆ, ಬಿಳಿ ಕಾಲರ್ ಬಿಚ್ಚಿ ಜೇಬಿನಲ್ಲಿಟ್ಟುಕೊಂಡು ಕೂತಿದ್ದ. ಕಾಯುವವರನ್ನು ಯಾಕೆ ಬಂದಿರಿ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಅವನ ಹೆಸರನ್ನಂತೂ ಯಾರೂ ಕೂಗುವಂತಿರಲಿಲ್ಲ. ಲೂಥರನ್ ಚರ್ಚಿನ ಸಭೆಗೆ ಪಾದ್ರಿಯಾದ ಅವನಿಗೆ ಇಡೀ ದಿನದಲ್ಲಿ ಇಷ್ಟು ಸುಖ ಬೇರೆಲ್ಲೂ ಸಿಗುತ್ತಿರಲಿಲ್ಲ.

ಪಾದ್ರಿ ಸದಾ ಊರು ಸುತ್ತುತ್ತಾನೆ ಎಂದು ಸಭೆಯ ಹಿರಿಯರ ದೂರು. ಸಭೆ ಬಿಟ್ಟು ಈ ಕಡೆ ತಲೆ ಹಾಕುವುದೇ ಇಲ್ಲ ಎಂದು ಬಸ್ ಡಿಪೋ ಹಿಂದಿನ ಸೇವಾಕೇಂದ್ರದವರ ದೂರು. ಕುಡಿತ ಬಿಡಿಸುವುದು, ಜೈಲಿನಿಂದ ಬಂದವರಿಗೆ ಕೆಲಸ ಹುಡುಕುವುದು ಕೇಂದ್ರದ ಕಸುಬು. ಕೊನೆಗೆ ಹಿರಿಯರೆಲ್ಲ ಕೂತು, ಸ್ಕೇಲು ಹಿಡಿದು ಗೆರೆ ಎಳೆದು, ಅವನ ದಿನವನ್ನು ಎರಡು ಹೋಳು ಮಾಡಿದರು. ಎರಡು ಗಂಟೆಯವರೆಗೆ ಸಭೆ, ಆಮೇಲೆ ಕೇಂದ್ರ.

ಒಂದು ವಾರ ಕಳೆದ ಮೇಲೆ ಕೇಂದ್ರದವರು, ನಮ್ಮ ಜನ ಕೆಲಸ ಮುಗಿಸಿ ಬರುವುದು ತಡ, ನೀವು ನಾಲ್ಕಕ್ಕೇ ಬನ್ನಿ ಎಂದರು. ಸಭೆಗೆ ತಿಳಿಸಬೇಕಿತ್ತು. ನಾಳೆ ತಿಳಿಸೋಣ ಎಂದುಕೊಂಡ. ಹನ್ನೊಂದು ತಿಂಗಳಾಯಿತು.

ಹೆಂಡತಿಗೂ ಹೇಳಿರಲಿಲ್ಲ. ನಿಮ್ಮ ಕಣ್ಣಿಗೆ ಬೀಳಬೇಕೆಂದರೆ ಒಂದೋ ಸಾಯಬೇಕು, ಇಲ್ಲ ಕುಡಿಯಬೇಕು ಎಂದು ಅವಳು ತಮಾಷೆ ಮಾಡುತ್ತಿದ್ದಳು. ಅವನೂ ನಗುತ್ತಿದ್ದ.

ನಾಲ್ಕಕ್ಕೆ ಐದು ನಿಮಿಷವಿರುವಾಗ ಕಾಲರ್ ಹಾಕಿಕೊಂಡು ಕೇಂದ್ರಕ್ಕೆ ಬಂದ. ಮೇಲ್ವಿಚಾರಕ ಬಾಗಿಲಲ್ಲೇ ನಿಂತಿದ್ದ. ಟೀಚರಮ್ಮನ ಮಗಳು ಎರಡು ಸಲ ಫೋನ್ ಮಾಡಿದ್ದಳಂತೆ. ಸಭೆಯ ಕಚೇರಿಯವರು ಪಾದ್ರಿ ಕೇಂದ್ರದಲ್ಲಿದ್ದಾರೆ ಎಂದಿದ್ದರು. ಮೇಲ್ವಿಚಾರಕ, ಸಭೆಯಲ್ಲಿದ್ದಾರೆ ಎಂದಿದ್ದ.

"ನೀವೆಲ್ಲಿದ್ರಿ?"

"ದಾರೀಲಿ."

ಟೀಚರಮ್ಮ ಅವನಿಗೆ ಚಿಕ್ಕಂದಿನಲ್ಲಿ ಬೈಬಲ್ ಪಾಠ ಹೇಳಿದವರು, ಬೆರಳ ಗೆಣ್ಣಿಗೆ ಹೊಡೆದು ಹೊಡೆದು ಬಾಯಿಪಾಠ ಮಾಡಿಸಿದವರು. ಹಾಸಿಗೆ ಹಿಡಿದು ಮೂರು ವಾರವಾಗಿತ್ತು. ಕಳೆದ ಭಾನುವಾರ ಅವನ ಮಣಿಕಟ್ಟು ಹಿಡಿದುಕೊಂಡು, "ಹೋಗೋ ಮುಂಚೆ ಪ್ರಭುಭೋಜನ ಬೇಕು ಕಣೋ. ನಂಗೆ ಭಯ ಆಗ್ತಿದೆ. ತಡ ಮಾಡ್ಬೇಡ," ಎಂದಿದ್ದರು. ಆ ಗಟ್ಟಿಗಿತ್ತಿಯ ಬಾಯಲ್ಲಿ ಭಯ ಎಂಬ ಮಾತನ್ನು ಅವನು ಕೇಳಿದ್ದು ಅದೇ ಮೊದಲು. ಬಂದೇ ಬರುತ್ತೇನೆಂದು ಮಾತು ಕೊಟ್ಟಿದ್ದ.

ಪ್ರಭುಭೋಜನಕ್ಕೆ ಬಾಯಿಗಿಡುವ ರೊಟ್ಟಿ, ದ್ರಾಕ್ಷಾರಸದ ಸಣ್ಣ ಪೆಟ್ಟಿಗೆಯನ್ನು ಎದೆಗವಚಿಕೊಂಡು ಟೀಚರಮ್ಮನ ಮನೆಗೆ ಓಡಿದ. ಮೂರು ಮಹಡಿ ಹತ್ತುವಷ್ಟರಲ್ಲಿ ಮೂರು ಸುಳ್ಳು ಹೊಸೆದು, ಮೂರನ್ನೂ ಬಿಟ್ಟ. ಬಾಗಿಲು ತೆರೆದ ಮಗಳ ಕಣ್ಣು ಕೆಂಪಾಗಿದ್ದರೂ ಮುಖ ಶಾಂತವಾಗಿತ್ತು.

"ಏನಾದ್ರೂ ಮರ್ತು ಹೋದ್ರಾ, ಅಯ್ಯನವರೇ?"

ಅವನಿಗೆ ಅರ್ಥವಾಗಲಿಲ್ಲ. ನೀವು ಹೋಗಿ ಹತ್ತು ನಿಮಿಷಕ್ಕೆಲ್ಲ ಅಮ್ಮ ತೀರಿಕೊಂಡರು ಎಂದಳು. ನಿದ್ದೆ ಬಂದ ಹಾಗೆ ಹೋದರಂತೆ.

ಒಳಗೆ ಟೀಚರಮ್ಮ ಅಂಗಾತ ಮಲಗಿದ್ದರು. ತುಟಿ ಇನ್ನೂ ಒದ್ದೆಯಾಗಿತ್ತು. ಹೊದಿಕೆಯ ಅಂಚಿನಲ್ಲಿ ದ್ರಾಕ್ಷಾರಸದ ಒಂದು ಹನಿ ಕಲೆ. ಮಂಚಕ್ಕೆ ತಾಗಿಸಿ ಕುರ್ಚಿ ಎಳೆದಿಟ್ಟಿತ್ತು. ಅವನು ಪೆಟ್ಟಿಗೆಯ ಬೀಗ ತೆಗೆದು ನೋಡಿದ. ಬೆಳಗ್ಗೆ ತುಂಬಿದ ಸೀಸೆ ಕಂಠದವರೆಗೆ ಹಾಗೇ ಇತ್ತು.

ಮಗಳು ಹಿಂದೆ ನಿಂತು ಹೇಳುತ್ತಲೇ ಇದ್ದಳು. ಮೂರಕ್ಕೆ ಬಂದಿರಿ, ಅರ್ಧ ಗಂಟೆಗೂ ಹೆಚ್ಚು ಕೂತಿರಿ, ಒಂದು ಸಲವೂ ಗಡಿಯಾರ ನೋಡಲಿಲ್ಲ. ನಿಮಗೆ ಹೀಗೆ ಕೂರಲು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಅಮ್ಮ ಮೆಲ್ಲಗೆ ಏನೋ ಕೇಳಿದರು, ನೀವು ಬಗ್ಗಿ ಕಿವಿಯಲ್ಲಿ ಏನೋ ಹೇಳಿದಿರಿ. ಎಷ್ಟೋ ತಿಂಗಳ ಮೇಲೆ ನಕ್ಕರು.

ಭಯವಾಗುವ ಮೊದಲು ಅವನಿಗೆ ಹೊಟ್ಟೆಕಿಚ್ಚಾಯಿತು. ಇಪ್ಪತ್ತು ವರ್ಷದಲ್ಲಿ ಸಾಯುವವರನ್ನು ಅವನು ಒಮ್ಮೆಯೂ ನಗಿಸಿರಲಿಲ್ಲ.

"ಏನು ಹೇಳಿದ್ರಿ ಅಮ್ಮಂಗೆ?" ಎಂದಳು. "ನಂಗೂ ಹೇಳಿ."

ಏನಾದರೂ ಹೇಳಬಹುದಿತ್ತು. ಇಂಥ ಹೊತ್ತಿನ ಮಾತುಗಳು ಅವನಿಗೆ ನಾಲಿಗೆಯ ತುದಿಯಲ್ಲೇ ಇರುತ್ತಿದ್ದವು. ಹೂಂ ಎಂದರೆ ಸಾಕು, ಬಂದದ್ದೂ ಅವನೇ, ಮಾತು ಉಳಿಸಿಕೊಂಡದ್ದೂ ಅವನೇ. ಆ ಎರಡು ತಾಸಿನ ಗುಟ್ಟು ಟೀಚರಮ್ಮನ ಜೊತೆಗೇ ಮಣ್ಣಾಗುತ್ತಿತ್ತು. ಆದರೆ ಆ ಒದ್ದೆ ತುಟಿಯ ಎದುರು ನಿಂತು ಅವನಿಗೆ ಸುಳ್ಳು ಹೇಳಲಾಗಲಿಲ್ಲ.

"ನಾನು ಬಂದಿರ್ಲಿಲ್ಲಮ್ಮ," ಎಂದ. "ಎಲ್ಲೋ ಸುಮ್ನೆ ಕೂತಿದ್ದೆ."

ಬೈಯುತ್ತಾಳೆ ಎಂದುಕೊಂಡ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಒಂದು ಹೆಜ್ಜೆ ಹಿಂದೆ ಸರಿದು, ಮನೆ ತಪ್ಪಿ ಬಂದವರನ್ನು ನೋಡುವ ಹಾಗೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಹಾಗಾದ್ರೆ ನೀವ್ಯಾರು?"

ಅವನು ತನ್ನ ಹೆಸರು ಹೇಳಿದ. ಅವಳು ತಲೆಯಾಡಿಸಿ ಹಜಾರಕ್ಕೆ ಹೋಗಿ, ಪಾದ್ರಿಯ ಮನೆಗೆ ಫೋನ್ ತಿರುಗಿಸಿದಳು. ಆ ಕಡೆ ಅವನ ಹೆಂಡತಿ ಎತ್ತಿದಳು. ರೀ, ನಿಮಗೇ ಫೋನು ಎಂದು ಅವಳು ಒಳಗೆ ಕೂಗಿದ್ದು ಅವನು ನಿಂತಲ್ಲಿಗೂ ಸಣ್ಣಗೆ ಕೇಳಿಸಿತು. ಅವಳ ದನಿಯಲ್ಲಿ ನಗುವಿತ್ತು. ಆಮೇಲೆ ಯಾರೋ ಕುರ್ಚಿ ಸರಿಸಿ ಎದ್ದು, ನಿಧಾನವಾಗಿ ನಡೆದು ಬಂದ ಸದ್ದು.

ಮಗಳು ಮೆಲುದನಿಯಲ್ಲಿ ವಿಷಯ ಹೇಳಿದಳು. ಆಮೇಲೆ ಸುಮ್ಮನೆ ಕೇಳಿಸಿಕೊಂಡಳು. ಕೇಳುತ್ತ ಕೇಳುತ್ತ ಅವಳ ಹೆಗಲು ಸಡಿಲವಾಯಿತು. ಆಯ್ತು ಅಯ್ಯನವರೇ, ಆಯ್ತು ಎಂದು ರಿಸೀವರನ್ನು ಅವನತ್ತ ಚಾಚಿದಳು.

"ನಿಮ್ಮ ಹತ್ರ ಮಾತಾಡ್ಬೇಕಂತೆ. ಪಾಪ, ಬೈಬೇಡ ಅಂದ್ರು."

ಅವನು ಪೆಟ್ಟಿಗೆಯನ್ನು ನೆಲದ ಮೇಲಿಟ್ಟು, ಎರಡೂ ಕೈಯಲ್ಲಿ ರಿಸೀವರ್ ಹಿಡಿದು ಕಿವಿಗೊತ್ತಿಕೊಂಡ. ಆ ಕಡೆಯಿಂದ ಸಣ್ಣಗೆ ಉಸಿರಾಡುವುದು ಕೇಳುತ್ತಿತ್ತು. ಅವನು ಮಾತಾಡಲೆಂದು ಆ ಕಡೆಯವರು ಕಾಯುತ್ತಿದ್ದರು. ಅವರಿಗೆ ಅವಸರವೇನೂ ಇರಲಿಲ್ಲ.