ಈಸ್ಟರ್ ರಾಶಿಯ ಕಾವಲು

ಬಾಗಿಲ ಬಳಿ ಮೆರ್ಲೆಯ ಹಳದಿ ಬೂಟುಗಳು ಇರಲಿಲ್ಲ. ವೀಬ್ಕೆ ಒಂದು ಗಳಿಗೆ ಬೂಟುಗಳ ಸಾಲನ್ನೇ ನೋಡುತ್ತ ನಿಂತಳು. ಆಮೇಲೆ ಮೆಟ್ಟಿಲು ಹತ್ತಿ ಓಡಿ, ಮಗುವಿನ ಹೊದಿಕೆ ಎಳೆದು ನೋಡಿದಳು. ಕೆಳಗೆ ಎರಡು ದಿಂಬುಗಳಿದ್ದವು. ಊಟವಾದ ಮೇಲೆ ಮಗು ಮಲಗಿದೆ ಎಂದು ಅವಳು ಇಷ್ಟು ಹೊತ್ತು ಅಡುಗೆಮನೆಯಲ್ಲಿ ತುದಿಗಾಲಲ್ಲಿ ಓಡಾಡಿದ್ದಳು. ಪಾತ್ರೆ ಕೂಡ ಸದ್ದಾಗದಂತೆ ಇಟ್ಟಿದ್ದಳು. ಎಲ್ಲ ಆ ದಿಂಬುಗಳ ನಿದ್ದೆ ಕೆಡದಿರಲಿ ಎಂದು!

ಮೆರ್ಲೆಗೆ ಆರು ವರ್ಷ. ಹೆನ್ನಿಂಗನ ಮೊದಲ ಹೆಂಡತಿಯ ಮಗಳು. ಆಕೆ ತೀರಿಕೊಂಡಾಗ ಮಗುವಿಗೆ ಸರಿಯಾಗಿ ಮಾತೂ ಬರುತ್ತಿರಲಿಲ್ಲ. ಕಳೆದ ಶರತ್ಕಾಲದಲ್ಲಿ ಹೆನ್ನಿಂಗ್ ವೀಬ್ಕೆಯನ್ನು ಮದುವೆಯಾದ. ಮೋರ್ಸ್‌ಫೆಲ್ಡೆ ಅವನು ಹುಟ್ಟಿದ ಊರು, ಈಸ್ಟರಿಗೆ ಇಲ್ಲಿಗೆ ಬರುವುದು ವೀಬ್ಕೆಗೆ ಇದೇ ಮೊದಲು. ಹೆನ್ನಿಂಗ್ ಹ್ಯಾನೋವರಿನ ಆಸ್ಪತ್ರೆಯಲ್ಲಿ ನರ್ಸ್, ರಜೆ ಸಿಗಲಿಲ್ಲ, ನಾಳೆ ಬರುತ್ತಾನೆ. ಅಲ್ಲಿಯವರೆಗೆ ಮನೆಯಲ್ಲಿ ಇರುವವರು ಅವಳು, ಮಗು ಮತ್ತು ಅತ್ತೆ ಅಲ್ಮೂಟ್.

ಇವರು ಬಂದ ದಿನದಿಂದ ಅಲ್ಮೂಟ್ ಒಂದು ಬಿರುಸು ಮಾತೂ ಆಡಿರಲಿಲ್ಲ. ಆಡಿದ್ದರೆ ವಾಸಿಯಿತ್ತು. ವೀಬ್ಕೆ ಮಗುವಿನ ಕೊರಳಿಗೆ ಸ್ಕಾರ್ಫ್ ಕಟ್ಟಿದರೆ ಮುದುಕಿ ಸುಮ್ಮನೆ ಬಂದು, ಗಂಟು ಬಿಚ್ಚಿ, ಮತ್ತೆ ಕಟ್ಟಿ ಹೋಗುವಳು. ಹಾಗೆ ಮೂರು ಸಲ ಬಿಚ್ಚಿಸಿಕೊಂಡ ಮೇಲೆ ವೀಬ್ಕೆ ಸ್ಕಾರ್ಫನ್ನು ಮುಟ್ಟುವುದನ್ನೇ ಬಿಟ್ಟಿದ್ದಳು.

ಈಗ, ಹೊತ್ತು ಇಳಿಯುವಾಗ, ಅಲ್ಮೂಟ್ ಚರ್ಚಿನಿಂದ ಬಂದು ಹಿತ್ತಲ ಬಾಗಿಲಲ್ಲಿ ಕೈಚೀಲ ಇಟ್ಟಳು. "ಮಗು ಎದ್ದಿತಾ?"

"ಮಗು ಇಲ್ಲ."

"ಇಲ್ಲ ಅಂದ್ರೆ?"

"ಹಾಸಿಗೇಲಿ ಇಲ್ಲ. ಬೂಟು ಹಾಕ್ಕೊಂಡು ಹೋಗಿದಾಳೆ. ಯಾವಾಗ ಹೋದ್ಲೋ ಗೊತ್ತಿಲ್ಲ."

ಅಲ್ಮೂಟ್ ಕಳಚಿದ್ದ ಕೋಟನ್ನು ಮತ್ತೆ ತೊಟ್ಟುಕೊಂಡಳು, ಗುಂಡಿಗಳನ್ನು ತಪ್ಪು ತೂತುಗಳಿಗೆ ಹಾಕಿಕೊಂಡಳು. "ನಾನು ಹೊಳೆ ಕಡೆ ಹೋಗ್ತೀನಿ. ಹಿಮ ಕರಗಿ ನೀರು ಏರಿದೆ. ನೀನು ಊರೊಳಗೆ ನೋಡು," ಎಂದಳು. ಹೊಳೆ ಎಂಬ ಮಾತು ಕೇಳಿ ವೀಬ್ಕೆ ಕೋಟು ಎಳೆದುಕೊಂಡು ಬೀದಿಗೆ ಓಡಿದಳು.

ಊರೊಳಗೆ ನೋಡುವುದಕ್ಕೆ ಊರು ಇರಬೇಕಲ್ಲ! ಬೀದಿಯುದ್ದಕ್ಕೂ ಕಿಟಕಿಗಳು ಮುಚ್ಚಿದ್ದವು, ಬೇಕರಿಯ ಬಾಗಿಲಿಗೆ ಬೀಗ ಬಿದ್ದಿತ್ತು. ಮೋರ್ಸ್‌ಫೆಲ್ಡೆ ಮಾಮೂಲಿ ದಿನಗಳಲ್ಲೇ ಉಸಿರು ಬಿಗಿಹಿಡಿದು ಕೂತಂಥ ಊರು. ಇವತ್ತಂತೂ ಉಸಿರನ್ನೇ ಬಿಟ್ಟಿದ್ದ ಹಾಗಿತ್ತು. ಅವಳು ಚರ್ಚಿನ ಅಂಗಳ, ಶಾಲೆಯ ಉಯ್ಯಾಲೆ, ಬಸ್ಸಿನ ತಂಗುದಾಣ ಎಲ್ಲ ಕಡೆ ಓಡಿದಳು. ಮೆರ್ಲೆ ಎಂದು ಕೂಗಿದರೆ ಹೆಸರು ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಕೊನೆಗೆ ಒಂದು ಮನೆಯ ಮಹಡಿಯಿಂದ ಒಬ್ಬ ಅಜ್ಜಿ ತಲೆ ಹೊರಹಾಕಿದಳು.

"ಯಾಕಮ್ಮ ಅಷ್ಟು ಜೋರಾಗಿ ಅರಚ್ತೀಯ? ಮಕ್ಕಳೆಲ್ಲ ಗುಡ್ಡದ ಮೇಲಿದಾವೆ. ಈಸ್ಟರ್ ಬೆಂಕಿ ಅಲ್ವಾ ಇವತ್ತು. ಹೋಗು ಹೋಗು, ಹಚ್ಚೋ ಹೊತ್ತಾಯ್ತು."

ಈಸ್ಟರ್ ಬೆಂಕಿ, ಹಬ್ಬದ ಹಿಂದಿನ ಸಂಜೆ ಊರೆಲ್ಲ ಸೇರಿ ಗುಡ್ಡದ ಮೇಲೆ ಕೊಂಬೆ ಒಟ್ಟಿ ಸುಡುವ ಬೆಂಕಿ. ವೀಬ್ಕೆಯ ಕಾಲು ಅಲ್ಲೇ ನಿಂತಿತು.

ಬೆಳಿಗ್ಗೆ ಮೊಟ್ಟೆಗಳಿಗೆ ಬಣ್ಣ ಹಾಕುವಾಗ ಮೆರ್ಲೆ ಒಂದೇ ಸಮನೆ ತಲೆ ತಿಂದಿದ್ದಳು. ಗುಡ್ಡದ ಮೇಲಿನ ಕೊಂಬೆಗಳ ರಾಶಿಯೊಳಗೆ ಮಕ್ಕಳಿಗೆ ಬಣ್ಣದ ಮೊಟ್ಟೆ ತರುವ ಈಸ್ಟರ್ ಮೊಲ ಇದೆಯಂತೆ. ಅದು ನಾಳೆ ಮೊಟ್ಟೆ ತರಬೇಕು, ಇವತ್ತು ಸುಟ್ಟುಹೋದರೆ ಹೇಗೆ? ಮಗುವಿನ ಹೆದರಿಕೆಗೆ ಅರ್ಥವಿತ್ತು. ವಾರಗಟ್ಟಲೆ ಒಟ್ಟಿದ ರಾಶಿಯೊಳಗೆ ಮೊಲವೋ ಕಪ್ಪೆಯೋ ಹಕ್ಕಿಯೋ ಮನೆ ಮಾಡಿರುತ್ತದೆ, ಅದಕ್ಕೇ ಹಚ್ಚುವ ದಿನ ಇಡೀ ರಾಶಿಯನ್ನು ಬಿಚ್ಚಿ ಮಗುಚಿ ಒಟ್ಟಬೇಕೆಂಬುದು ಎಲ್ಲ ಊರಲ್ಲೂ ಇರುವ ಕಟ್ಟಳೆ. ಮಗು ಅದನ್ನೇ ಕೇಳುತ್ತಿತ್ತು, ಮಗುಚಿದರಾ, ಮಗುಚಿದರಾ ಎಂದು. ವೀಬ್ಕೆಯ ಕೈಯೆಲ್ಲ ಕೆಂಪು ಬಣ್ಣ, ತಲೆಯಲ್ಲಿ ನೋವು. ಹ್ಞೂಂ, ಮಗುಚಿದರು ಎಂದುಬಿಟ್ಟಳು.

"ನೀನು ನೋಡಿದ್ಯಾ?"

"ನೋಡ್ದೆ. ಮೊಲ ಹೊಲದ ಕಡೆ ಓಡಿಹೋಯ್ತು. ಸಾಕಾ?"

ಮಗು ಅವಳ ಮುಖವನ್ನೇ ನೋಡಿ, ಬಣ್ಣದ ಕುಂಚ ಕೆಳಗಿಟ್ಟಿತ್ತು. ಮಹಡಿಯ ಮೇಲೆ ಮಗುವಿನ ಕೋಣೆಯ ಕಿಟಕಿಯಿಂದ ಗುಡ್ಡ ಚೆನ್ನಾಗಿ ಕಾಣುತ್ತದೆ ಎಂಬುದು ವೀಬ್ಕೆಗೆ ಈಗ ಹೊಳೆಯಿತು.

ಅವಳು ಗುಡ್ಡದ ದಾರಿಯಲ್ಲಿ ಓಡಿದಳು.

ಗುಡ್ಡದ ನೆತ್ತಿಯಲ್ಲಿ, ಅಲ್ಮೂಟಳ ಹುಲ್ಲುಗಾವಲಿನಲ್ಲಿ, ರಾಶಿ ಎರಡಾಳೆತ್ತರ ನಿಂತಿತ್ತು. ಸೇಬಿನ ಕೊಂಬೆ, ಬೇಲಿಯ ಮುಳ್ಳು, ಹಳೆಯ ಕ್ರಿಸ್ಮಸ್ ಮರಗಳು. ಊರಿಗೆ ಊರೇ ಸುತ್ತ ನೆರೆದಿತ್ತು. ಹುರಿದ ಸಾಸೇಜಿನ ಹೊಗೆ, ಕೈಕೈಯಲ್ಲಿ ಬಿಯರು. ಬ್ಯಾಂಡಿನವರು ಕೆನ್ನೆ ಉಬ್ಬಿಸಿಕೊಂಡು ದೇವರ ಹಾಡು ಊದುತ್ತಿದ್ದರು, ಪಕ್ಕದವರ ಮಾತು ಕೇಳಿಸದಷ್ಟು ಜೋರಾಗಿ. ವೀಬ್ಕೆ ಮಕ್ಕಳ ಗುಂಪಿಗೆ ನುಗ್ಗಿ ಒಂದೊಂದು ಟೋಪಿಯನ್ನೂ ತಿರುಗಿಸಿ ಮುಖ ನೋಡಿದಳು. ಮೆರ್ಲೆ ಇರಲಿಲ್ಲ. ಯಾವ ಮಗುವೂ ಅವಳನ್ನು ಕಂಡಿರಲಿಲ್ಲ.

ಅಗ್ನಿಶಾಮಕ ದಳದ ಮುಖ್ಯಸ್ಥ ಎಕ್ಹಾರ್ಟ್ ಕೈಯಲ್ಲಿ ಪಂಜು ಹಿಡಿದು ಪಾದ್ರಿಯ ಪಕ್ಕ ನಿಂತಿದ್ದ. ಭಾರಿ ಆಳು, ಭಾರಿ ಮೀಸೆ. ಚರ್ಚಿನ ಈಸ್ಟರ್ ದೀಪದಿಂದ ತಂದ ಬೆಂಕಿ ಪಂಜಿನ ತುದಿಯಲ್ಲಿ ಗಾಳಿಗೆ ಹೊರಳುತ್ತಿತ್ತು.

"ಎಕ್ಹಾರ್ಟ್, ಇವತ್ತು ರಾಶಿ ಮಗುಚಿದ್ರಾ?"

"ಏನು?" ಅವನು ಕಿವಿಗೆ ಕೈ ಇಟ್ಟುಕೊಂಡ.

"ಮಗುಚಿದ್ರಾ ಅಂತ ಕೇಳ್ದೆ!"

"ಓ, ಅದಾ. ಈ ಸಲ ಅದರ ಅಗತ್ಯ ಬೀಳ್ಲಿಲ್ಲಮ್ಮ. ಮೂರು ರಾತ್ರಿ ಮೂರು ಹಗಲು ಕಾವಲು ಕೂತಿದ್ವಿ. ಒಂದು ಇಲಿ ಒಳಗೆ ಹೋಗಿದ್ರೂ ನಮಗೆ ಗೊತ್ತಾಗ್ತಿತ್ತು."

ಕಾವಲಿನ ಕತೆ ಊರಿಗೆಲ್ಲ ಗೊತ್ತಿದ್ದದ್ದೇ. ಕಣಿವೆಯಾಚೆಯ ಎಲ್ಲರ್ಸನ್ ಊರಿನ ಹುಡುಗರು ಹೋದ ವರ್ಷ ಕದ್ದು ಬಂದು ಮೋರ್ಸ್‌ಫೆಲ್ಡೆಯ ರಾಶಿಗೆ ಎರಡು ದಿನ ಮೊದಲೇ ಬೆಂಕಿ ಇಟ್ಟು ಓಡಿದ್ದರು. ಆ ಅವಮಾನ ಇಲ್ಲಿನ ಗಂಡಸರ ಮೂಗಿನ ತುದಿಯಲ್ಲಿ ಒಂದು ವರ್ಷ ಕೂತಿತ್ತು. ಈ ಸಲ ಬಿಯರಿನ ಪೆಟ್ಟಿಗೆ, ಟಾರ್ಚು, ನಾಯಿ ಎಲ್ಲ ಇಟ್ಟುಕೊಂಡು ಪಾಳಿಯ ಮೇಲೆ ಕಾದಿದ್ದರು. ವೀಬ್ಕೆ ಅವರ ಬೆಂಚುಗಳ ಕಡೆ ನೋಡಿದಳು. ಬೆಂಚುಗಳು ಒಂದೂ ಬಿಡದೆ ಕಣಿವೆಯ ಕಡೆ, ಎಲ್ಲರ್ಸನ್ನಿನ ರಸ್ತೆಗೆ ಮುಖ ಮಾಡಿದ್ದವು. ಊರಿನ ಕಡೆಯಿಂದ ಬರುವವರನ್ನು ಯಾರು ನೋಡುತ್ತಾರೆ? ಊರಿನವರು ಊರಿನವರೇ ಅಲ್ಲವೇ.

"ಎಕ್ಹಾರ್ಟ್, ಮೆರ್ಲೆ ಕಾಣ್ತಿಲ್ಲ. ಅವಳು ಇದರೊಳಗೆ ಇದಾಳೆ."

ಅವನ ಮುಖ ಒಂದು ಕ್ಷಣ ಬದಲಾಯಿತು, ಆಮೇಲೆ ಮೀಸೆಯ ಕೆಳಗೆ ನಗು ಬಂತು. "ಇದರೊಳಗಾ? ನಾವು ಇಷ್ಟು ಜನ ಸುತ್ತ ಕೂತಿರುವಾಗ? ನೀನು ಪೇಟೆಯಿಂದ ಬಂದವಳು, ಗಾಬರಿ ಬಿದ್ದಿದೀಯ. ಎಲ್ಲಾದ್ರೂ ಕುರಿ ಹಟ್ಟಿ ಹತ್ರ ಆಡ್ತಿರ್ತಾಳೆ. ಹಚ್ಚಿಬಿಟ್ಟು ಎಲ್ರೂ ಸೇರಿ ಹುಡುಕೋಣ."

"ಹಚ್ಚಬೇಡಿ!"

"ಅಲ್ನೋಡಿ, ಎಲ್ಲರ್ಸನ್ನಿನವರು ಹಚ್ಚೇಬಿಟ್ರು!" ಎಂದು ಯಾರೋ ಕೂಗಿದರು. ಆಚೆ ಗುಡ್ಡದ ಮೇಲೆ ಬೆಂಕಿ ಎದ್ದಿತ್ತು. ಗುಂಪಿನಲ್ಲಿ ಗುಜುಗುಜು ಶುರುವಾಯಿತು, ಏನು ಕಾಯ್ತಿದೀರೋ, ಹಚ್ಚೋ ಎಕ್ಹಾರ್ಟ್, ಮಾನ ಕಳೀಬೇಡ. ಎಕ್ಹಾರ್ಟ್ ಪಂಜನ್ನು ಎತ್ತಿ ಹಿಡಿದ.

ವೀಬ್ಕೆ ಜನ್ಮದಲ್ಲಿ ನಾಲ್ಕು ಜನರೆದುರು ದನಿ ಎತ್ತಿದವಳಲ್ಲ. ಹೋಟೆಲಿನಲ್ಲಿ ತಪ್ಪು ತಿಂಡಿ ತಂದಿಟ್ಟರೆ ಅದನ್ನೇ ತಿಂದು ಬರುವ ಜಾತಿ. ಅಂಥವಳು ಪಂಜಿನ ಮುಂದಿನಿಂದ ನುಗ್ಗಿ, ಮುಳ್ಳು ಕೊಂಬೆಗಳನ್ನು ಹಿಡಿದು ರಾಶಿ ಹತ್ತಿದಳು. ಅಂಗೈ ಹರಿಯಿತು, ಲಂಗ ಸಿಕ್ಕಿ ಪರ್ರೆಂದಿತು. ಆಳೆತ್ತರಕ್ಕೆ ಏರಿ ಒಂದು ದಿಮ್ಮಿಯನ್ನು ತಬ್ಬಿ ಕೂತುಬಿಟ್ಟಳು.

"ಹಚ್ಚೋದಾದ್ರೆ ನನ್ನನ್ನೂ ಸೇರಿಸಿ ಹಚ್ಚಿ!"

ಒಂದಿಷ್ಟು ಜನ ನಕ್ಕರು. ಪಾದ್ರಿ ಏನೋ ಹೇಳುತ್ತಿದ್ದ, ಬ್ಯಾಂಡಿನ ಅಬ್ಬರದಲ್ಲಿ ಅದು ಯಾರಿಗೂ ಕೇಳಲಿಲ್ಲ. ಅವಳು ಕೊಂಬೆಗಳ ಸಂದಿಗೆ ಬಾಯಿಟ್ಟು ಮೆರ್ಲೆ, ಮೆರ್ಲೆ ಎಂದು ಕರೆದಳು. ಒಳಗೆ ಕತ್ತಲು. ಉತ್ತರವಿಲ್ಲ.

"ನೋಡಿದ್ಯಾ, ಯಾರೂ ಇಲ್ಲ," ಎಂದ ಎಕ್ಹಾರ್ಟ್. ಅವನಿಗೆ ಈಗ ಸಿಟ್ಟು ಬಂದಿತ್ತು. "ಟೋರ್ಬೆನ್, ನೀನೂ ಇನ್ನೊಬ್ಬನೂ ಹತ್ತಿ ಆಕೇನ ಮೆಲ್ಲಗೆ ಇಳ್ಸಿ. ಪೆಟ್ಟಾಗಬಾರದು."

ಇಬ್ಬರು ಯುವಕರು ಹತ್ತಿ ಅವಳ ರಟ್ಟೆ ಹಿಡಿದರು. ಅವಳು ಒದ್ದಳು. ಒಬ್ಬನ ಮೂಗಿಗೆ ಮೊಣಕೈ ತಗುಲಿ ಅವನು ಬೈದ. ತಾನು ಇಳಿದ ಮರುಗಳಿಗೆ ಆ ಪಂಜು ಕೆಳಗಿಳಿಯುತ್ತದೆ ಎಂಬುದೊಂದೇ ಅವಳ ತಲೆಯಲ್ಲಿತ್ತು. ಹೆನ್ನಿಂಗನ ಮುಖ ನೆನೆಯಲಿಕ್ಕೂ ಧೈರ್ಯವಾಗಲಿಲ್ಲ.

ಆಗ ಗುಂಪು ದಾರಿ ಬಿಟ್ಟಿತು. ಅಲ್ಮೂಟ್ ಬಂದಳು. ಮಂಡಿಯವರೆಗೆ ಕೆಸರು, ಕೋಟು ಸೊಟ್ಟ. ಹೊಳೆಯಲ್ಲಿ ಇಳಿದು ಹುಡುಕಿದ್ದಳೆಂದು ನೋಡಿದರೇ ತಿಳಿಯುತ್ತಿತ್ತು.

"ಏನಿದು ಎಕ್ಹಾರ್ಟ್?"

"ನಿನ್ನ ಸೊಸೆಗೆ ತಲೆ ಕೆಟ್ಟಿದೆ ಅಲ್ಮೂಟ್. ಮಗು ರಾಶಿಯೊಳಗಿದೆ ಅಂತಾಳೆ. ಮೂರು ದಿನ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾದಿದೀವಿ ನಾವು!"

ಅಲ್ಮೂಟ್ ಮೇಲೆ ನೋಡಿದಳು. "ಯಾಕೆ ಹಾಗಂತೀಯ?"

ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. "ನಾನು ಸುಳ್ಳು ಹೇಳ್ದೆ," ಎಂದಳು ವೀಬ್ಕೆ ಊರಿನೆದುರು. "ರಾಶಿ ಮಗುಚಿದಾರೆ, ಮೊಲ ಓಡಿಹೋಯ್ತು, ಕಣ್ಣಾರೆ ನೋಡ್ದೆ ಅಂತ ಹೇಳ್ದೆ. ಅವಳ ಕಾಟ ತಪ್ಪಲಿ ಅಂತ. ಅವಳಿಗೆ ಕಿಟಕಿಯಿಂದ ಎಲ್ಲಾ ಕಂಡಿದೆ. ನಾನು ಸುಳ್ಳಿ ಅಂತ ಗೊತ್ತಾಗಿ, ತಾನೇ ಮೊಲ ಬಿಡಿಸೋಕೆ ಬಂದಿದಾಳೆ. ನಿಮಗೆ ನನ್ನನ್ನ ಏನು ಬೇಕಾದ್ರೂ ಅನ್ನೋ ಹಕ್ಕಿದೆ, ಆಮೇಲೆ ಅನ್ನಿ. ಈಗ ಇವರನ್ನ ನಿಲ್ಸಿ!"

ಅಲ್ಮೂಟಳ ಮುಖದಲ್ಲಿ ಮೊದಲು ಕಂಡದ್ದು ತಿರಸ್ಕಾರವೇ. ವೀಬ್ಕೆ ಅದನ್ನು ನೋಡಿದಳು, ತನಗೆ ಸಲ್ಲಬೇಕಾದ್ದೇ ಎಂದುಕೊಂಡಳು. ಆಮೇಲೆ ಮುದುಕಿ ಗಕ್ಕನೆ ತಿರುಗಿ ಬ್ಯಾಂಡಿನವರ ಕಡೆ ನಡೆದು, ಮುಂದೆ ನಿಂತವನ ತುತ್ತೂರಿಯ ಬಾಯಿಗೆ ಅಂಗೈ ಅಡ್ಡ ಇಟ್ಟಳು.

"ಊದೋದು ನಿಲ್ಸಿ! ಎಲ್ರೂ! ಸಾಸೇಜ್ ತಿನ್ನೋರೂ ಬಾಯಿ ಮುಚ್ಚಿ!"

ಒಂದೊಂದೇ ವಾದ್ಯ ನಿಂತಿತು. ಕೊನೆಗೆ ಪಂಜಿನ ಪಟಪಟ ಸದ್ದು ಮಾತ್ರ ಉಳಿಯಿತು. ವೀಬ್ಕೆಯನ್ನು ಹಿಡಿದಿದ್ದ ಹುಡುಗರೂ ಉಸಿರು ಬಿಗಿಹಿಡಿದರು. ಏನೂ ಕೇಳಲಿಲ್ಲ. ಎಕ್ಹಾರ್ಟ್ ಏನೋ ಹೇಳಲು ಬಾಯಿ ತೆರೆದ, ಅಲ್ಮೂಟ್ ಬೆರಳೆತ್ತಿದಳು.

ರಾಶಿಯೊಳಗಿನಿಂದ, ತಳದಲ್ಲೆಲ್ಲೋ, ಒಂದು ಸಣ್ಣ ಕೆಮ್ಮು ಬಂತು.

ಎಕ್ಹಾರ್ಟನ ಮುಖದ ರಕ್ತವೆಲ್ಲ ಇಳಿಯಿತು. ಅವನು ಪಂಜನ್ನು ದೂರ ಹಿಡಿದು ಹಿಂದೆ ಹಿಂದೆ ಸರಿದ. ಎಡವಿ ಬೀಳುವುದರಲ್ಲಿದ್ದ. "ಬೆಂಕಿ ಇರೋರೆಲ್ಲ ಕೆಳಗೆ! ರಸ್ತೆಗೆ ಹೋಗಿ! ಟೋರ್ಬೆನ್, ಅಲ್ಲಾಡಬೇಡಿ, ಇದ್ದಲ್ಲೇ ನಿಲ್ಲಿ. ಕುಸಿದ್ರೆ ಮಗು ಮೇಲೆ ಬೀಳುತ್ತೆ!" ಎಂದು ಕೂಗಿದ. ಅಷ್ಟರ ಮಟ್ಟಿಗೆ ಅವನಿಗೆ ತನ್ನ ಕೆಲಸ ಗೊತ್ತಿತ್ತು. ಮೊದಲು ವೀಬ್ಕೆಯನ್ನೂ ಹುಡುಗರನ್ನೂ ಒಬ್ಬೊಬ್ಬರಾಗಿ ಇಳಿಸಿಕೊಂಡು, ಮೇಲಿನಿಂದ ಒಂದೊಂದೇ ಕೊಂಬೆ ಎತ್ತಿ ಕೈಯಿಂದ ಕೈಗೆ ದಾಟಿಸತೊಡಗಿದರು. ಬೇಕರಿಯವನು, ಪಾದ್ರಿ, ತುತ್ತೂರಿಯವನು, ಮೂಗಿನಲ್ಲಿ ರಕ್ತ ಸೋರುತ್ತಿದ್ದ ಹುಡುಗ, ಎಲ್ಲರೂ ಸಾಲು ನಿಂತರು. ಒಮ್ಮೆ ಒಂದು ದಿಮ್ಮಿ ಜಾರಿ ಇಡೀ ರಾಶಿ ಗುಡುಗಿದಾಗ ಅಲ್ಮೂಟ್ ಕಣ್ಣು ಮುಚ್ಚಿ ವೀಬ್ಕೆಯ ಕೈ ಹಿಡಿದಳು. ಕೆಮ್ಮು ಮತ್ತೆ ಕೇಳಿಸುವವರೆಗೆ ಬಿಡಲಿಲ್ಲ.

ಹಳದಿ ಬೂಟು ಕಂಡಾಗ ವೀಬ್ಕೆಯೇ ಸಂದಿಯೊಳಗೆ ತೂರಿದಳು. ಮೆರ್ಲೆಯ ಕಾಲಿನ ಮೇಲೆ ಒಂದು ಕವಲುಕೊಂಬೆ ಕೂತಿತ್ತು. ಕಿರುಚಿ ಕಿರುಚಿ ಮಗುವಿನ ದನಿ ಸತ್ತುಹೋಗಿತ್ತು, ಮುಖದ ಮಣ್ಣಿನ ಮೇಲೆ ಕಣ್ಣೀರಿನ ಗೆರೆಗಳಿದ್ದವು. ಹೊರಗೆ ಎಳೆದುಕೊಂಡ ಮೇಲೆ ಅದು ಯಾರ ಕಡೆಗೂ ನೋಡದೆ ವೀಬ್ಕೆಯ ಕೊರಳನ್ನು ಉಸಿರುಗಟ್ಟುವಷ್ಟು ಬಿಗಿಯಾಗಿ ಹಿಡಿಯಿತು. ವೀಬ್ಕೆಗೆ ಅಳು ಬರಲಿಲ್ಲ. ಈ ಮಗುವಿಲ್ಲದೆ ತಾನು ಇನ್ನು ಬದುಕಲಾರೆ ಎಂಬುದು ಅವಳಿಗೆ ಆ ಹೊತ್ತಿನಲ್ಲೇ ತಿಳಿದದ್ದು, ತಿಳಿದು ಹೆದರಿಕೆಯಾಯಿತು.

"ಮೂರು ರಾತ್ರಿ ಇಲ್ಲೇ ಇದ್ವಿ," ಎಂದ ಎಕ್ಹಾರ್ಟ್. ಯಾರಿಗೆ ಹೇಳುತ್ತಿದ್ದನೋ. "ಎಲ್ಲರ್ಸನ್ನಿನ ಒಂದು ನರಪಿಳ್ಳೆ ಬರ್ಲಿಲ್ಲ. ಒಬ್ಬನೂ ಬರ್ಲಿಲ್ಲ."

"ಅವರ್ಯಾಕಪ್ಪಾ ಬರಬೇಕಿತ್ತು?" ಎಂದಳು ಅಲ್ಮೂಟ್. "ಸುಡೋದಕ್ಕೆ ನಾವೇ ಸಾಲ್ದಾ?"

ಆಚೆ ಗುಡ್ಡದ ಬೆಂಕಿ ಎತ್ತರಕ್ಕೆ ಏರಿತ್ತು, ಅಲ್ಲಿನವರ ಹಾಡು ಗಾಳಿಯಲ್ಲಿ ತೇಲಿ ಬರುತ್ತಿತ್ತು. ರಸ್ತೆಯಲ್ಲಿ ಪಂಜು ಇನ್ನೂ ಉರಿಯುತ್ತಿತ್ತು, ಮಕ್ಕಳು ಕಾಯುತ್ತಿದ್ದವು, ಒಂದು ವರ್ಷವೂ ತಪ್ಪದ ಬೆಂಕಿ. ಎಕ್ಹಾರ್ಟ್ ಟೋಪಿ ತೆಗೆದು ಅಲ್ಮೂಟಳ ಮುಂದೆ ನಿಂತ.

"ಜಮೀನು ನಿನ್ನದು, ಮೊಮ್ಮಗಳು ನಿನ್ನವಳು. ನೀನು ಹೇಳು. ಸರಿಯಾಗಿ ಒಟ್ಟಿ ಹಚ್ಚೋದಾ, ಬೇಡ್ವಾ?"

"ನನ್ನನ್ನೇನು ಕೇಳ್ತೀಯ," ಎಂದಳು ಅಲ್ಮೂಟ್. "ಮಗು ಅವಳದು. ಅವಳನ್ನ ಕೇಳು."

ಇಡೀ ಊರು ವೀಬ್ಕೆಯ ಕಡೆ ತಿರುಗಿತು. ಅವಳು ಮೆರ್ಲೆಯ ತಲೆಯನ್ನು ತನ್ನ ಕೋಟಿನೊಳಗೆ ಒತ್ತಿಕೊಂಡಳು.

"ಬೇಡ," ಎಂದಳು.

ಎಕ್ಹಾರ್ಟ್ ರಸ್ತೆಗೆ ಇಳಿದು ಹೋಗಿ ಪಂಜನ್ನು ನೀರಿನ ಬಕೆಟ್ಟಿಗೆ ಅದ್ದಿದ. ಜನ ಬೆಂಚುಗಳನ್ನು ಎತ್ತಿಕೊಂಡು, ಕತ್ತಲಲ್ಲಿ ಒಬ್ಬರಿಗೊಬ್ಬರು ದಾರಿ ಹೇಳುತ್ತ, ಊರಿನ ಕಡೆ ಇಳಿದರು.