ನಡೆದಾಡುವ ಇಲಿಗೆ ದುಡ್ಡಿಲ್ಲ

ಇಲಿಯ ತಲೆಗೆ ತಂತಿ ಜೋಡಿಸಿ ಮಿದುಳಿನ ಕೆಲಸವನ್ನು ಅಳೆಯುವವರು ಬೇಕಾದಷ್ಟು ಜನರಿದ್ದರು. ಆ ಹೊತ್ತಿಗೆ ಇಲಿ ಏನು ಮಾಡುತ್ತಿತ್ತು ಎಂದು ಕೇಳಿದರೆ, ಮದ್ದಿನ ಮಂಪರಿನಲ್ಲಿ ಮಲಗಿತ್ತು ಎನ್ನುತ್ತಿದ್ದರು. ಜಯದೇವಿಗೆ ಇದನ್ನು ಕೇಳಿದರೇ ಮೈ ಉರಿಯುತ್ತಿತ್ತು. ಜೆ.ಪಿ. ನಗರದ ಸಣ್ಣದೊಂದು ಸಂಶೋಧನಾ ಕೇಂದ್ರದ ಮಹಡಿಯಲ್ಲಿ ಅವಳು ಇಲಿಗಳನ್ನು ಎಚ್ಚರವಾಗಿಯೇ ಇಟ್ಟು, ಅವು ಹಲಗೆಯ ಓಣಿಗಳಲ್ಲಿ ಓಡಾಡುವಾಗ ಮಿದುಳಿನ ವಿದ್ಯುತ್ತಿನ ಏರಿಳಿತದ ಗೆರೆಗಳನ್ನು ಯಂತ್ರದಲ್ಲಿ ಹಿಡಿಯುತ್ತಿದ್ದಳು. ಅದೇ ಕ್ಷಣ ಇಲಿ ನಿಂತಿತೋ, ಮೂಸಿತೋ, ತಿರುಗಿತೋ ಎಂದು ಸಹಾಯಕ ನಿಂಗರಾಜ ಬರೆದುಕೊಳ್ಳುತ್ತಿದ್ದ. ಬಾದಾಮಿ ಕಡೆಯ ಹುಡುಗ, ಬಿಟಿಎಂನಲ್ಲಿ ಬಾಡಿಗೆ ಕೋಣೆ. ಗೆರೆ, ನಡವಳಿಕೆ ಎರಡನ್ನೂ ಜೋಡಿಸಿ ನೋಡುವುದೇ ಜಯದೇವಿಯ ಸಂಶೋಧನೆ.

2003ರ ದಸರಾ ಹೊತ್ತಿಗೆ ಅನುದಾನ ಮುಗಿಯುವುದರಲ್ಲಿತ್ತು. ಮುಂದೆ ಹಣ ಕೊಡಬೇಕೋ ಬೇಡವೋ ಎಂದು ನೋಡಲು ಸಮಿತಿಯವರು ವಿಜಯದಶಮಿಯ ಮರುದಿನ ಬರುವವರಿದ್ದರು. ಅವರು ಒಪ್ಪದಿದ್ದರೆ ಓಣಿಗಳನ್ನು ಬಿಚ್ಚಬೇಕು, ನಿಂಗರಾಜನನ್ನು ಕಳಿಸಬೇಕು.

ಆಯುಧಪೂಜೆಯ ದಿನ ಯಂತ್ರಕ್ಕೆ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ ಎಲ್ಲ ಆಯಿತು. ಪ್ರತಿ ವರ್ಷ ಪೂಜೆ ಇಲಿ ಕೋಣೆಯ ಹೊರಗೇ ಮುಗಿಯುತ್ತಿತ್ತು.

"ಒಳಗೂ ಸ್ವಲ್ಪ ಸಾಂಬ್ರಾಣಿ ತೋರಿಸೋಣ ನಿಂಗರಾಜ," ಎಂದಳು ಜಯದೇವಿ.

"ಆಗ್ಲಿ ತಗೋರಿ ಮೇಡಂ. ಈ ಸಲ ಎಲ್ಲಾ ಚಲೋ ಆಗ್ಬೇಕ್ರಿ."

ಇಲಿಯ ಮೂಗು ಎಷ್ಟು ಚುರುಕು ಎಂದು ಊರಿಗೆಲ್ಲ ಪಾಠ ಹೇಳುವ ಹೆಂಗಸು ತಾನೇ ಹೊಗೆ ಹಿಡಿದು ಗೂಡುಗಳ ಮುಂದೆ ಸುತ್ತಿ ಬಂದಳು. ಭಯ ಅಂಥದ್ದು. ಓದಿದ್ದೆಲ್ಲ ಆ ಹೊತ್ತಿಗೆ ಕೈಕೊಡುತ್ತದೆ.

ಏಸಿಗೆಂದು ಕಿಟಕಿ ಮುಚ್ಚಿದ ಕೋಣೆ. ಸಮಿತಿ ಬಂದ ದಿನವೂ ಸಾಂಬ್ರಾಣಿ ವಾಸನೆ ಹೋಗಿರಲಿಲ್ಲ. ಓಣಿಗೆ ಬಿಟ್ಟ ಇಲಿ ಮೂಲೆ ಹಿಡಿದು ಕೂತಿತು. ಇನ್ನೊಂದನ್ನು ಬಿಟ್ಟರೆ ಅದೂ ಅಷ್ಟೇ.

"ಇದ್ಯಾಕೆ ಓಡ್ತಾನೇ ಇಲ್ಲ ಮೇಡಂ?" ಎಂದರು ಸಮಿತಿಯ ಹಿರಿಯರಾದ ವಿಜಯಕುಮಾರ್.

"ಪೂಜೆಗೆ ಸಾಂಬ್ರಾಣಿ ಹಾಕಿದ್ವಿ ಸಾರ್. ವಾಸನೆಗೆ ಹೆದರ್ಕೊಂಡಿವೆ. ಈ ಗೆರೆ ನೋಡಿ, ಮಿದುಳಲ್ಲೂ ಆ ಹೆದರಿಕೆ ಕಾಣ್ತಿದೆ. ಎರಡನ್ನೂ ಒಟ್ಟಿಗೆ ನೋಡಿದ್ರೆ ಮಾತ್ರ ಇದು ಗೊತ್ತಾಗೋದು."

ಹೇಳಿದ್ದು ನೂರಕ್ಕೆ ನೂರು ನಿಜ. ಆದರೆ ಸಾಂಬ್ರಾಣಿ ಎಂದಕೂಡಲೇ ಸಮಿತಿಯ ಇಬ್ಬರು ನಕ್ಕುಬಿಟ್ಟಿದ್ದರು, ಉಳಿದ ಮಾತು ಯಾರ ಕಿವಿಗೂ ಬೀಳಲಿಲ್ಲ.

"ಪೂಜೆ ನಾವೂ ಮಾಡ್ತೀವಮ್ಮ," ಎಂದರು ವಿಜಯಕುಮಾರ್ ಮೆತ್ತಗೆ. "ಆದ್ರೆ ಒಂದು ಹೊಗೆಗೆ ಕೆಟ್ಟುಹೋಗೋ ಡೇಟಾಗೆ ಗೌರ್ಮೆಂಟ್ ದುಡ್ಡು ಹೇಗೆ ಕೊಡ್ಸೋದು? ಮಲಗ್ಸಿ ಮಾಡಿ. ಈ ರಗಳೆನೇ ಇರಲ್ಲ."

ಸಂಕ್ರಾಂತಿ ಕಳೆದ ಮೇಲೆ ಹಣ ಮಂಜೂರಾಯಿತು. ಅರಿವಳಿಕೆ ಕೊಟ್ಟ ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಮಾತ್ರ. ನಡವಳಿಕೆ ನೋಡುವ ಕೆಲಸವನ್ನು ಪೂರ್ತಿ ಹೊಡೆದುಹಾಕಿದ್ದರು. ಬೇಡವೆಂದರೆ ಯಂತ್ರವನ್ನೂ ಒಪ್ಪಿಸಿ ಕೋಣೆ ಖಾಲಿ ಮಾಡಬೇಕು. ಜಯದೇವಿ ಬೇಡವೆನ್ನಲಿಲ್ಲ. ಹಾಗೆ ಒಪ್ಪಿಕೊಂಡ ತನ್ನ ಮೇಲೆ ಅವಳಿಗೆ ಅಸಹ್ಯ ಹುಟ್ಟಿತು.

ನಿಂಗರಾಜನಿಗೆ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಕೆಲಸ ಸಿಕ್ಕಿತು. ಹೋಗುವ ಮುಂಚೆ ಓಣಿಯ ಹಲಗೆಗಳನ್ನು ಅವನೇ ಬಿಚ್ಚಿ ಗೋಡೆಗೆ ಒರಗಿಸಿದ.

"ಬೇರೆ ಯಾವ್ದಾದ್ರೂ ಗ್ರಾಂಟ್ ಬಂದ್ರೆ ಕರೀತೀನಪ್ಪ," ಎಂದಳು ಜಯದೇವಿ.

"ಹೂಂ ರೀ ಮೇಡಂ," ಎಂದ ಅವನು. ಅಂಥ ಗ್ರಾಂಟ್ ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಮಾರನೆಯ ಬೆಳಿಗ್ಗೆ ಅವಳು ಸಿರಿಂಜಿಗೆ ಅರಿವಳಿಕೆ ಮದ್ದು ತುಂಬಿಕೊಂಡು ಗೂಡಿನ ಬಾಗಿಲು ತೆಗೆದಳು. ಹಿಡಿಯಬೇಕಾಗಲಿಲ್ಲ. ಇಲಿ ಹೊರಬಂದು, ಒಮ್ಮೆ ನಿಂತು ಮೂಸಿ, ತಾನಾಗಿಯೇ ನಡೆದು ಬಂದು ಅವಳ ಅಂಗೈ ಹತ್ತಿತು. ಅದನ್ನು ಬರೆದುಕೊಳ್ಳಲು ಕೋಣೆಯಲ್ಲಿ ಯಾರೂ ಇರಲಿಲ್ಲ. ಜಯದೇವಿ ಅಳುತ್ತಲೇ ಸೂಜಿ ಚುಚ್ಚಿದಳು.