ಶುಕ್ರವಾರ ಹೊರಟ ಹೆಣ್ಣುಮಗಳು

ನಿನ್ನೆ ಹೂರಣ ರುಬ್ಬಿದ ಒರಳನ್ನು ಗುರುಶಾಂತಮ್ಮ ತೊಳೆಯುತ್ತಿದ್ದಳು. ಬೆಲ್ಲದ ಜಿಗುಟು ಬೆರಳು ಬಿಡುತ್ತಿರಲಿಲ್ಲ. ಪಡಸಾಲೆಯಲ್ಲಿ ಗಂಡ ಪಂಪಾಪತಿ ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಧರಿಸಿ, ಫೋನಿನಲ್ಲಿ ತನ್ನ ವಕೀಲನೊಡನೆ ನಗುತ್ತಿದ್ದ.

"ಅಪೀಲಿನ ಗಡುವು ನಿನ್ನೆಗೇ ಮುಗೀತಲ್ರಿ. ನಮ್ಮಾಕಿ ಹೋಳಿಗಿ ನಿಮ್ಮ ವಕೀಲಿಕಿಗಿಂತ ಚಲೋ ಕೆಲಸ ಮಾಡ್ಯಾವ ನೋಡ್ರಿ."

ಅವಳ ಕೈ ಒರಳಲ್ಲೇ ನಿಂತಿತು.

ಪೋತ್ನಾಳದ ಗದ್ದೆಯಲ್ಲಿ ಪಾಲು ಕೇಳಿ ನಾದಿನಿ ವಿಜಯಶ್ರೀ ಹೂಡಿದ್ದ ದಾವೆ ಮಾನ್ವಿ ಕೋರ್ಟಿನಲ್ಲಿ ಬಿದ್ದುಹೋಗಿತ್ತು. ಗುರುವಾರದೊಳಗೆ ರಾಯಚೂರಿಗೆ ಹೋಗಿ ಮೇಲ್ಮನವಿಗೆ ರುಜು ಹಾಕುವುದಿತ್ತು. ಅಷ್ಟರಲ್ಲಿ ಪಂಪಾಪತಿಯೇ ಅವಳ ಗಂಡನೂರು ಮಸರಕಲ್ಲಿಗೆ ಹೋಗಿ, ಕೋರ್ಟಿನ ಸಹವಾಸ ಸಾಕು, ಹಿರಿಯರನ್ನು ಕೂಡಿಸಿ ಮನೆಯಲ್ಲೇ ಪಾಲು ಕೊಡುತ್ತೇನೆಂದು ತಂಗಿಯನ್ನು ಕರೆತಂದಿದ್ದ. ಬಂದವಳು ಹೊರಡಲು ದಿನವೇ ಕೂಡಿಬರಲಿಲ್ಲ. ಸೋಮವಾರ ಮನೆಯಲ್ಲಿ ಪೂಜೆ. ಮಂಗಳವಾರ ಹೆಣ್ಣುಮಗಳನ್ನು ತವರಿನಿಂದ ಕಳಿಸಬಾರದು. ಬುಧವಾರ ಹಿರಿಯರು ಬರುತ್ತಾರೆಂದ, ಯಾರೂ ಬರಲಿಲ್ಲ. ಗುರುವಾರ ಅವಳು ಚೀಲ ಹಿಡಿದು ನಿಂತಾಗ, ಹೋಳಿಗೆ ಉಂಡು, ಉಡಿ ತುಂಬಿಸಿಕೊಂಡು ಹೋಗವ್ವಾ ಎಂದು ಚೀಲ ಕಸಿದಿಟ್ಟು ರಾತ್ರಿ ಉಳಿಸಿಕೊಂಡವಳು ಗುರುಶಾಂತಮ್ಮ. ಗಂಡ ಹೇಳಿಕೊಟ್ಟ ಮಾತೇ. ಆದರೆ ಆಕೆ ಆಡಿದ್ದು ಮನಸ್ಸಿನಿಂದ. ಒರಳು ಬಿಟ್ಟು ಎದ್ದು ಪಡಸಾಲೆಗೆ ಬಂದಳು.

ಕೇಳಿದ್ದಕ್ಕೆ ಪಂಪಾಪತಿ ತಲೆ ತಗ್ಗಿಸಲಿಲ್ಲ. ತಂಗಿಯ ಮದುವೆಗೆ ಹೊಲ ಮಾರಿದ್ದು ಪಾಲಲ್ಲವೇ ಎಂದ. ತಾನು ಹೊಡೆದಿಲ್ಲ, ಬೈದಿಲ್ಲ, ಉಣಿಸಿ ಇರಿಸಿಕೊಂಡಿದ್ದೇನೆ, ಅದೂ ತಪ್ಪೇ ಎಂದ. ಚಹಕ್ಕೆ ಕೈ ಚಾಚಿದ.

"ಉಡಿ ಅಕ್ಕಿ ನನ್ನ ಕೈಲೆ ಹಾಕಸಿದ್ರಿ," ಎಂದಳು ಗುರುಶಾಂತಮ್ಮ. "ಇದೇ ಕೈಲೆ ಲಿಂಗಕ್ಕ ನೀರ ಹೆಂಗ ಹಾಕಲಿ?"

ಆ ಹಣೆಯ ವಿಭೂತಿ ನೋಡಲಾರದೆ ಒಳಗೆ ಹೋದಳು. ಕೂದಲು ಒರೆಸಿಕೊಳ್ಳುತ್ತಿದ್ದ ವಿಜಯಶ್ರೀಗೆ ಎಲ್ಲವನ್ನೂ ಹೇಳಿದಳು. ಆಕೆ ಅಳಲಿಲ್ಲ.

"ವೈನಿ, ನೀವೂನಾ?" ಎಂದಳು, ಅಷ್ಟೇ.

ಗುರುಶಾಂತಮ್ಮ ನಾದಿನಿಯ ಚೀಲವನ್ನು ತಾನೇ ಎತ್ತಿಕೊಂಡು ಹೊಸ್ತಿಲಿಗೆ ಬಂದಳು. ಪಂಪಾಪತಿ ಅಡ್ಡ ನಿಂತ.

"ಇವತ್ತ ಶುಕ್ರವಾರ. ಮನಿ ಲಕ್ಷ್ಮಿ ಹೊರಗ ಹೋಗ್ತಾಳ."

"ಆಕಿ ನಿನ್ನೆನ ಹೋದಳ್ರೀ."

ಅವನು ತಾನಾಗಿ ಸರಿದ.

ರಾಯಚೂರಿನ ಬಸ್ಸಿನಲ್ಲಿ ವಿಜಯಶ್ರೀ ಕಿಟಕಿಯತ್ತ ಮುಖ ಮಾಡಿಯೇ ಕುಳಿತಳು. ಕಚೇರಿಯಲ್ಲಿ ಅವಳ ವಕೀಲೆ ನೌಶೀನ್ ಮೊದಲು ಗದರಿದಳು, ಆಮೇಲೆ ದಾರಿ ಹೇಳಿದಳು. ತಡ ಮನ್ನಿಸಿರೆಂದು ಅರ್ಜಿ ಕೊಡಬಹುದು, ಒಪ್ಪುವುದು ಬಿಡುವುದು ನ್ಯಾಯಾಧೀಶರಿಗೆ ಬಿಟ್ಟದ್ದು, ಕಾರಣ ಮಾತ್ರ ಗಟ್ಟಿಯಾಗಿರಬೇಕು. ಪಕ್ಕದಲ್ಲಿದ್ದ ಗುಮಾಸ್ತ ಕಾಮಾಲೆ ಅಂತ ಬರೆಯೋಣ, ಡಾಕ್ಟರ ಚೀಟಿ ತರಿಸೋಣ ಎಂದ, ಉಪ್ಪು ತರಿಸಿದಷ್ಟು ಸಲೀಸಾಗಿ.

ಗುರುಶಾಂತಮ್ಮ ನಡುವೆ ಬಾಯಿ ಹಾಕಿದಳು.

"ಕಾಮಾಲಿ ಬ್ಯಾಡ್ರೀ. ಅಪೀಲು ತಪ್ಪಿಸಾಕ ಅಣ್ಣ ಕರಕೊಂಡು ಬಂದ, ವೈನಿ ಹೋಳಿಗಿ ಮಾಡಿ ತಡದಳು ಅಂತ ಬರೀರಿ. ಆ ವೈನಿ ನಾನ."

"ನಿಮ್ಮ ಯಜಮಾನ್ರ ವಿರುದ್ಧನ ಪ್ರಮಾಣ ಮಾಡಿ ಹೇಳಬೇಕಾಗ್ತದಮ್ಮಾ," ಎಂದಳು ನೌಶೀನ್. "ಸಂಜಿಗೆ ಅದೇ ಮನಿಗೆ ಹೋಗಬೇಕು ನೀವು."

"ಹೋಗ್ತೀನ್ರೀ."

ಆಕೆ ಸೆರಗಿಗೆ ಕೈ ಒರೆಸಿಕೊಂಡು ಪೆನ್ನು ಕೇಳಿದಳು. ಮನೆ ಬಿಟ್ಟಾಗಿನಿಂದ ಮೊದಲ ಸಲ ವಿಜಯಶ್ರೀ ಅವಳ ಕಡೆ ತಿರುಗಿ, ತನ್ನ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.